ಮೈಗಳ್ಳಿ

ಅಲೆಂತೇಜುವಿನ ಬಯಲಲ್ಲಿ ಮಧ್ಯಾಹ್ನ ಎರಡಕ್ಕೆ
ನಾಯಿಯೂ ತನ್ನ ನೆರಳನ್ನು ಹಾಸಿಕೊಂಡು ಮಲಗುತ್ತದೆ.
ನಾನು ನನ್ನದನ್ನು ಮಡಚಿಟ್ಟು
ಬಾಗಿಲ ಬಳಿ ಕೂತಿದ್ದೇನೆ, ಕಾಲು ಚಾಚಿ,
ಚಪ್ಪಲಿ ಒಂದು ಇಲ್ಲಿ, ಇನ್ನೊಂದು ಎಲ್ಲೋ.

ಹಗ್ಗದ ಮೇಲೆ ಮೊನ್ನೆಯ ಬಟ್ಟೆ.
ಒಣಗಿ, ಇಬ್ಬನಿಗೆ ನೆನೆದು, ಮತ್ತೆ ಒಣಗಿದೆ.
ಅದಕ್ಕೇನೂ ಬೇಸರವಿದ್ದಂತಿಲ್ಲ.

ಮೂವತ್ತೊಂದು ವರ್ಷ ಬಿರಡೆ ಆರಿಸಿದೆ.
ಪಟ್ಟಿಯ ಮೇಲೆ ಹರಿದು ಬರುತ್ತಿದ್ದವು ಸಾಲುಸಾಲು,
ಒಳ್ಳೆಯದು ಬಲಕ್ಕೆ, ತೂತಿನದು ಎಡಕ್ಕೆ,
ಎರಡೂ ಅಲ್ಲದ್ದು ಮುಂದಕ್ಕೆ.
ನಿಮಿಷಕ್ಕೆ ತೊಂಬತ್ತು. ಮೇಸ್ತ್ರಿ ಅರ್ಮಿಂದು ಗಡಿಯಾರ ಹಿಡಿದು
ಬೆನ್ನ ಹಿಂದೆ ನಿಂತರೆ ನೂರಾಹತ್ತು.
ಎಲ್ಲೋ ಯಾರದೋ ಮದುವೆಯಲ್ಲಿ ಸೀಸೆ ಠಪ್ಪೆಂದಾಗ
ನಗುವಿನ ನಡುವೆ ಹಾರಿಹೋಗುತ್ತದಲ್ಲ ಬಿರಡೆ,
ಅದರ ಹಿಂದೆ ಯಾರೂ ಓಡುವುದಿಲ್ಲ.
ನಾನೊಬ್ಬಳು ಓಡಿದ್ದೆ.

ನಿದ್ದೆಯಲ್ಲೂ ಬೆರಳು ಆಡುತ್ತಿತ್ತಂತೆ
ಗಂಡನ ಬೆನ್ನ ಮೇಲೆ, ಬಲಕ್ಕೆ, ಎಡಕ್ಕೆ.
ಅವನು ಸತ್ತ ವಾರ ರಜೆ ಕೇಳಿದ್ದು ಮೂರೇ ದಿನ.
ಅದರಲ್ಲೂ ಒಂದು ದಿನ ಕಿಟಕಿ ಒರೆಸಿದೆ.

ಆ ಜೂನ್‌ನಲ್ಲಿ ಯಂತ್ರ ಕೆಟ್ಟಿತು. ಅರ್ಧ ದಿನ ಬಿಡುವು.
ಮೈದುನ ಬೆಲರ್ಮೀನು, ಕೊಡಲಿಯವನು, ಕಾರ್ಕ್ ಕಾಡಿಗೆ ಹೊರಟಿದ್ದ;
ಅವನ ಲಟಾರಿ ಗಾಡಿ ಹತ್ತಿದೆ, ಸುಮ್ಮನೆ.
ತೊಗಟೆಯ ಅನ್ನ ತಿಂದವಳು, ಮರದಡಿ ಒಮ್ಮೆಯೂ ಕೂತಿರಲಿಲ್ಲ.

ಕೆಲವು ಮರ ಅಂಗಿ ಕಳಚಿದಂತೆ ಕೆಂಪಗೆ ನಿಂತಿದ್ದವು.
ಒಂದರ ಮೇಲೆ ಬಿಳಿ ಬಣ್ಣದಲ್ಲಿ, ದಪ್ಪಗೆ: ೭.
"ಏಳು ಎಂದರೆ?"
"ಹದಿನೇಳರಲ್ಲಿ ಸುಲಿದದ್ದು. ಒಂಬತ್ತು ವರ್ಷ ಯಾರೂ ಮುಟ್ಟುವ ಹಾಗಿಲ್ಲ."
"ಅಲ್ಲಿಯ ತನಕ ಏನು ಮಾಡುತ್ತದೆ?"
"ಏನು ಮಾಡುತ್ತದೆ? ನಿಂತಿರುತ್ತದೆ."
"ಅವಸರ ಮಾಡಿದರೆ?"
ಅವನು ಕೊಡಲಿಯ ಕಾವನ್ನು ಕೆನ್ನೆಗೆ ಒರಗಿಸಿಕೊಂಡು
ನನ್ನನ್ನೇ ನೋಡಿದ. ಉತ್ತರ ಕೊಡಲಿಲ್ಲ.

ಮುಂದಿನ ಸೋಮವಾರ ಕೆಲಸ ಬಿಟ್ಟೆ.
ಉಳಿದಿದ್ದ ಸುಣ್ಣದಲ್ಲಿ ಬಾಗಿಲ ಚೌಕಟ್ಟಿಗೆ ಬರೆದೆ: ೧.
ಇಪ್ಪತ್ತೊಂದು. ಮೂವತ್ತರ ತನಕ ಮುಟ್ಟಬೇಡಿ.
ಅಂಚೆಯವನು ಮನೆ ನಂಬರು ಬದಲಾಯಿತೆಂದು ತಿಳಿದ.

ಓರಗಿತ್ತಿ ಜುಲ್ಮೀರಾ ಬಂದಳು ಸೊಂಟಕ್ಕೆ ಕೈಯಿಟ್ಟು:
"ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು."
ಕುಡಿಕೆ ಎಲ್ಲಿದೆಯೇ ತಾಯಿ? ಇರುವುದೊಂದು ಬೋಗುಣಿ,
ಅದರಲ್ಲಿ ಮೂರು ದಿನದ ಒಣ ಬ್ರೆಡ್ಡು, ಜಜ್ಜಿದ ಬೆಳ್ಳುಳ್ಳಿ, ಕೊತ್ತಂಬರಿ,
ಒಂದು ಮೊಟ್ಟೆ, ಮೇಲಿಂದ ಕುದಿನೀರು.
ಬ್ರೆಡ್ಡು ತಾನೇ ಮೆತ್ತಗಾಗುತ್ತದೆ, ನಾನು ಕಾಯುತ್ತೇನೆ,
ಅಡುಗೆಯೆಂದರೆ ಅಷ್ಟೇ.
ಕಾರು ಮಾರಿದೆ. ಅಂಗಡಿಯ ಕಾಫಿ ದಿನಕ್ಕೆ ಒಂದೇ.
ಹಲ್ಲಿನ ಡಾಕ್ಟರಿಗೆ ಇನ್ನೂ ಬಾಕಿಯಿದೆ, ಸುಳ್ಳು ಯಾಕೆ ಹೇಳಲಿ.

"ಮೈಗಳ್ಳಿ," ಎಂದಳು, ಮೆಟ್ಟಿಲಿಳಿಯುತ್ತ.

ಆ ಮಾತನ್ನು ಆಲಿವ್ ಬೀಜದಂತೆ ಬಾಯಲ್ಲಿಟ್ಟು ಹೊರಳಿಸಿದೆ
ಸಂಜೆಯ ತನಕ.
ಹೌದಲ್ಲ. ಕದ್ದೆ.
ಹಾಡುಹಗಲೇ, ಕಾರ್ಖಾನೆಯ ಗೇಟಿನಿಂದಲೇ,
ಐವತ್ತೇಳು ವರ್ಷದ ಒಂದು ಮೈ,
ಎಡ ಮೊಣಕಾಲಲ್ಲಿ ನೋವು, ಬಲ ಹೆಬ್ಬೆರಳು ಸೊಟ್ಟ,
ಹೊತ್ತು ತಂದೆ ಮನೆಗೆ, ಈ ಕುರ್ಚಿಯಲ್ಲಿ ಕೂರಿಸಿದೆ.
ಮೊದಮೊದಲು ಅದಕ್ಕೆ ನನ್ನ ಗುರುತೇ ಹತ್ತಲಿಲ್ಲ.
ತೊಡೆಯ ಮೇಲೆ ಬೆರಳು ಆಡುತ್ತಲೇ ಇತ್ತು, ಬಲಕ್ಕೆ, ಎಡಕ್ಕೆ.
ಬೈಯಲಿಲ್ಲ. ಚಳಿಗಾಲದ ಹೊತ್ತಿಗೆ ತಾನೇ ನಿಂತಿತು,
ಯಾವ ದಿನವೆಂದು ಗಮನಿಸಲಿಲ್ಲ.

ಈಗ ವಿದ್ಯುತ್ ಕಂಬದ ತುದಿಯ ಗೂಡಿನಲ್ಲಿ
ಕೊಕ್ಕರೆ ಕೊಕ್ಕನ್ನು ಕಟಕಟಿಸುತ್ತಿದೆ.
ಎಷ್ಟು ಸಲವೆಂದು ಎಣಿಸಬಹುದಿತ್ತು.
ಸ್ಪೇನಿನ ಕಡೆ ಹೊರಟ ಮೋಡವೊಂದು
ನಡುದಾರಿಯಲ್ಲಿ ಮನಸ್ಸು ಬದಲಿಸಿ ಕರಗುತ್ತದೆ.
ಬಟ್ಟೆ ಎತ್ತಬೇಕು.
ಆ ಇನ್ನೊಂದು ಚಪ್ಪಲಿ
ನಾಯಿಯ ತಲೆಯ ಕೆಳಗಿದೆ.
ಇರಲಿ.