ಮಡಿಕೆ ಗೆರೆಗಳು

ಅಮ್ಮನ ಹಳದಿ ಪರದೆ ಬಿಚ್ಚುತ್ತಿದ್ದೇನೆ
ಲಾಟನ್ನಿನ ಈ ಮನೆಯಲ್ಲಿ,
ಬ್ಲೇಡು ಹಿಡಿದು, ಒಂದೊಂದೇ ಹೊಲಿಗೆ.

ಹದಿನೇಳು ಕ್ವಾರ್ಟರ್ಸು. ಒಂದರ ಕಿಟಕಿಯಂತೆ ಇನ್ನೊಂದರದ್ದಲ್ಲ.
ಡೋರೀನ್ ಹ್ಯಾಸ್ಕೆಲ್ ಬಟ್ಟೆಗೆ ಕತ್ತರಿ ಹಾಕಿದವಳಲ್ಲ:
ಮಡಿಸುವಳು, ಹೊಲಿಯುವಳು,
ವರ್ಗದ ಕಾಗದ ಬಂದರೆ ಬಿಚ್ಚುವಳು.
"ಮುಂದಿನ ಕಿಟಕಿ ಉದ್ದವಿದ್ದೀತು, ಯಾರಿಗೆ ಗೊತ್ತು."

ಇದು ಜರ್ಮನಿಯ ಗೆರೆ, ಕಲ್ಲಿದ್ದಲ ಮಸಿ ಇನ್ನೂ ಹೋಗಿಲ್ಲ.
ಇದು ಟೆಕ್ಸಸ್, ನಾನು ನಡೆಯಲು ಕಲಿತದ್ದು ಇದನ್ನೇ ಹಿಡಿದು.
ಇದು, ಬೆರಳಗಲ ಕೆಳಗೆ,
ಅಪ್ಪ ವಿಯೆಟ್ನಾಮಿನಲ್ಲಿದ್ದ ವರ್ಷ.
ಹೊಲಿಗೆ ಇಲ್ಲಿ ಸೊಟ್ಟ.

ಬೀದಿಗೆ ಸೇನೆಯ ಕಾರು ಬಂತೆಂದರೆ
ಪರದೆಯ ಸಂದಿಯಲ್ಲಿ ಅವಳ ಒಂದೇ ಕಣ್ಣು.
ಒಂದು ಸಲ ಪಕ್ಕದ ಮನೆಯೆದುರು ನಿಂತಿತು.
ಉಸಿರು ಬಿಟ್ಟಳು.
ಬಿಟ್ಟದ್ದಕ್ಕೆ ನಾಚಿ, ಏಪ್ರನ್ ಕೂಡ ಬಿಚ್ಚದೆ
ಓಡಿದಳು ಆ ಹೆಂಗಸಿನ ಬಳಿಗೆ.
ಆ ರಾತ್ರಿ ನಮಗೆ ಅಡುಗೆ ಮಾಡಿದವನು ಅಣ್ಣ. ಸೀದ ಮೊಟ್ಟೆ.
ಯಾರೂ ದೂರಲಿಲ್ಲ.

ಅಪ್ಪ ಮರಳಿದ. ಅವನ ಪದಕಗಳು
ಹಜಾರದಲ್ಲಿ, ಗಾಜಿನ ಹಿಂದೆ, ಇಂದಿಗೂ.

ಕೊನೆಯ ಮಡಿಕೆಯೂ ಬಿಚ್ಚಿಕೊಂಡಿತು.
ಒಳಗೆ ಗೇಣುದ್ದ ಬಟ್ಟೆ, ಬಿಸಿಲು ಕಾಣದ್ದು,
ಈಗಷ್ಟೇ ಅಂಗಡಿಯಿಂದ ತಂದಷ್ಟು ಹಳದಿ.
ಯಾವ ಕಿಟಕಿಗೆಂದು ಉಳಿಸಿದ್ದೆ, ಅಮ್ಮಾ?

ಅವಳ ಹೊಲಿಗೆ ಡಬ್ಬಿಯಲ್ಲಿ
ಅಳತೆಪಟ್ಟಿ ಹುಡುಕುತ್ತೇನೆ.