ಕೈಪಿಡಿ

ಮತೊಸಿನ್ಯೂಶ್ ಬಂದರಿಗೆ ಬೆನ್ನು ಹಾಕಿ ನಿಂತ
ಈ ಮೀನಿನ ಡಬ್ಬಿ ಕಾರ್ಖಾನೆಯಲ್ಲಿ
ನನ್ನ ಕೆಲಸ ಬರೆಯುವುದು.
ಅಜ್ಜಿ ಇದೇ ಸಾಲಿನಲ್ಲಿ ನಿಂತು ಸವೆದವಳಂತೆ;
ನನ್ನ ಪಾಲಿಗೆ ಬಂದದ್ದು ಅವಳ ಏಪ್ರನ್ ಮಾತ್ರ.
ಮೇ ಕೊನೆಗೆ ದಿಯೊಲಿಂದಾಗೆ ನಿವೃತ್ತಿ,
ಅಷ್ಟರೊಳಗೆ ಅವಳ ನಲವತ್ತೊಂದು ವರ್ಷವನ್ನು
ಕಾಗದಕ್ಕೆ ಇಳಿಸು ಎಂದರು ಮೇಲಿನವರು,
ಒಲೆಯ ಮೇಲಿನ ಪಾತ್ರೆ ಇಳಿಸು ಎಂದಷ್ಟು ಸಲೀಸಾಗಿ.

ಕೇಳಿದೆ: ಉಪ್ಪುನೀರಲ್ಲಿ ಎಷ್ಟು ಹೊತ್ತು?
"ಸಾಕೆನಿಸುವಷ್ಟು."
ನಿಮಿಷದಲ್ಲಿ ಹೇಳು.
"ಮೇ ತಿಂಗಳದೋ, ಅಕ್ಟೋಬರಿನದೋ?
ಕೊಬ್ಬಿದ ಮೀನಿಗೆ ಉಪ್ಪು ಹಿಡಿಯೋದು ತಡ,
ಬಡಕಲು ಬೇಗ ಕುಡಿಯುತ್ತೆ, ಹಸಿದವರ ಹಾಗೆ."
ಒಂದರ ಕುತ್ತಿಗೆಯ ಹಿಂದೆ ಹೆಬ್ಬೆರಳೊತ್ತಿ
ಕಣ್ಣು ಮುಚ್ಚಿದಳು, ತಲೆಯಾಡಿಸಿದಳು.
ನಮೂನೆಯಲ್ಲಿ 'ಆಧಾರ' ಅಂತ ಒಂದು ಚೌಕ.
ಬರೆದೆ: ಅನುಭವ.
ಬರೆದಾದ ಮೇಲೂ ಚೌಕ ಖಾಲಿಯೇ ಕಂಡಿತು.

ಒಂದು ಮಾತ್ರ ಸ್ಪಷ್ಟವಾಗಿ ಸಿಕ್ಕಿತು.
ಮುಚ್ಚಳ ಬೀಳುವ ಮೊದಲು ಚಾಕುವಿನ ಹಿಡಿಯಿಂದ
ಡಬ್ಬಿಗೆ ಮೂರು ಸಲ ಕುಟ್ಟುತ್ತಾಳೆ, ಟಕ್ ಟಕ್ ಟಕ್.
ಸಾಲಿನ ಹನ್ನೊಂದು ಹೆಂಗಸರೂ ಕುಟ್ಟುತ್ತಾರೆ.
ಏಳನೆಯ ಹಂತ, ದಪ್ಪಕ್ಷರ, ಜೊತೆಗೆ ಫೋಟೊ.
ಯಾಕೆ ಕುಟ್ಟೋದು ಎಂದು ಕೇಳುವ ಹೊತ್ತಿಗೆ
ಪುಟ ಅಚ್ಚಾಗಿ ಬಂದಿತ್ತು.
ಅವಳು ಬಹಳ ನಕ್ಕಳು:
"ನಾನು ಸೇರಿದಾಗ ಮೇಜಿನ ಒಂದು ಕಾಲು ಗಿಡ್ಡ,
ಮೀನು ಒಂದೇ ಕಡೆಗೆ ಜಾರೋದು, ಕುಟ್ಟಿ ಕೂರಿಸ್ತಿದ್ದೆ.
ಆ ಮೇಜು ಹೋಗಿ ಮೂವತ್ತು ವರ್ಷ."

ಕೇಕು, ಒಂದು ಗಡಿಯಾರ, ಮ್ಯಾನೇಜರನ ಭಾಷಣ.
ದಿಯೊಲಿಂದಾ ಬಸ್ಸು ಹತ್ತಿದಳು.

ಆಗಸ್ಟಿನಲ್ಲಿ ಲಿಯೋಂನಿಂದ ಹಿಂದಿರುಗಿದವು
ನಾಲ್ಕು ಸಾವಿರ ಡಬ್ಬಿ, ಜೂನ್ ಮೊದಲ ವಾರದವು,
ಬಾಯಿಗಿಡಲಾಗದಷ್ಟು ಉಪ್ಪು.
ಕೈಪಿಡಿ ತೆಗೆಸಿದರು. ಪ್ರತಿ ಹಂತಕ್ಕೂ ಸಹಿ ಇತ್ತು.
ಕುಟ್ಟಿದ್ದೂ ಸರಿಯಾಗಿ ಮೂರೇ ಸಲ.
ಫೋನು ಮಾಡಿದೆ. ಅಲೆಯ ಸದ್ದು, ಮೊಮ್ಮಕ್ಕಳ ಕಿರುಚಾಟ.
"ಮೀನು ಹೇಗಿತ್ತು?" ಎಂದಳು.
ನೋಡಿದವರು ಯಾರೂ ಇರಲಿಲ್ಲ, ಗಡಿಯಾರ ನೋಡಿದ್ದರು.
"ಆ ಹುಡುಗಿಯನ್ನ ಕೇಳೋದಲ್ವಾ?
ನನ್ನ ಪಕ್ಕದಲ್ಲೇ ನಿಂತಿರ್ತಿದ್ದಳಲ್ಲ."

ಯಾವ ಹುಡುಗಿ?
ಇಂದ್ರಮಾಯಾ ಘಲೆ. ಗೋರ್ಖಾದ ಬೆಟ್ಟದಿಂದ ಬಂದವಳು,
ಸಮುದ್ರವನ್ನು ಮೊದಲು ಕಂಡದ್ದು ನಮ್ಮ ಗೇಟಿನಿಂದ.
ಇಬ್ಬರ ನಡುವೆ ಇದ್ದ ಪೋರ್ಚುಗೀಸ್ ಮಾತು
ಹೆಚ್ಚೆಂದರೆ ಇಪ್ಪತ್ತು. ಆರು ವಾರ ಅದರಲ್ಲೇ ಕಳೆದರಂತೆ.
ನಾನು ಅವಳನ್ನು ಕೇಳಿರಲಿಲ್ಲ.
ನಮೂನೆಯ ನೆತ್ತಿಯ ಮೇಲೆ 'ಖಾಯಂ ನೌಕರರಿಗೆ' ಎಂದಿತ್ತು,
ಅವಳದು ಅಕ್ಟೋಬರ್ ಮೂವತ್ತರ ತನಕದ ಕರಾರು.
ಜೂನಿನಲ್ಲಿ ಅವಳನ್ನು ತೊಟ್ಟಿಯಿಂದ ತೆಗೆದು
ಲೇಬಲ್ ಅಂಟಿಸಲು ಹಾಕಿದ್ದರು;
ಆ ಆದೇಶ ಟೈಪು ಮಾಡಿದವಳೂ ನಾನೇ.

ಪೆನ್ನು ಹಿಡಿದು ಹೋದೆ.
ಅದನ್ನು ನೋಡಿದಳು, ನನ್ನ ಜೇಬಿಗೆ ಸಿಕ್ಕಿಸಿದಳು,
ಕೈ ಹಿಡಿದು ಐಸಿನ ಪೆಟ್ಟಿಗೆಯೊಳಗೆ ಇಳಿಸಿ
ಹೆಬ್ಬೆರಳನ್ನು ಒಂದು ಕುತ್ತಿಗೆಯ ಹಿಂದೆ ಒತ್ತಿದಳು.
"ಇದು," ಎಂದಳು. ಇನ್ನೊಂದು ಮೀನು. "ಇದು ಅಲ್ಲ."
ನನಗೆ ಎರಡೂ ಒಂದೇ, ತಣ್ಣಗೆ.
"ಮತ್ತೆ," ಎಂದಳು.
ಬೆರಳು ಮರಗಟ್ಟಿತು.
ಇವತ್ತು ಸೆಪ್ಟೆಂಬರ್ ಹದಿನಾಲ್ಕು.
ಬೆನ್ನ ಹಿಂದೆ ಸಾಲಿನುದ್ದಕ್ಕೂ ಟಕ್ ಟಕ್ ಟಕ್.
"ಮತ್ತೆ."