ಉಳಿದ ತತ್ತಿ

ಗುಳೇದಗುಡ್ಡದ ಶಾಲಿ ಅಡಿಗಿಖೋಲಿಯಾಗ
ನೂರಾ ಹನ್ನೊಂದು ತತ್ತಿ ಕುದೀತಾವ.
ನಾನು ಶಾವಂತ್ರೆವ್ವ. ಕೊರಳಾಗಿನ ಕರಡಗಿ
ಸೆರಗಿನ್ಯಾಗ ಮುಚ್ಚಿಕೊಂಡು ಸಿಪ್ಪಿ ಸುಲೀತೀನಿ.
ಮೊದಲ ವಾರ ಬೆರಳು ಮೂಸಿ ಮೂಸಿ
ಹುಣಸಿಹಣ್ಣು ಹಚ್ಚಿ ತೊಳಕೊಂಡಿದ್ದೆ.
ಈಗ ಬರೇ ನೀರು ಸಾಕು.

ಬೇಪಾರಿ ಮಾಸ್ತರು ಕೇಳ್ತಾರ:
ತತ್ತಿ ಯಾರಿಗೆ? ಬಾಳಿಹಣ್ಣು ಯಾರಿಗೆ?
ಕೈ ಏಳೂಕಿಂತ ಮೊದಲ ಕಣ್ಣು ಏಳ್ತಾವ,
ಒಬ್ಬರನ್ನೊಬ್ಬರು ಎಣಸ್ತಾವ.
ಎಂಟು ವರ್ಷದ ಒಂದು ಕೈಯಾಗ
ಅಜ್ಜಿ ಅದಾಳ, ಓಣಿ ಅದ, ಮಠದ ಗಂಟಿ ಅದ;
ಅಷ್ಟೂ ಹೊತಗೊಂಡ ಅದು ಏಳಬೇಕು.

ದಾನೇಶ್ವರಿ ಹಣ್ಣಿಗೆ ಕೈ ಎತ್ತಿದಳು.
ಹೋದ ತಿಂಗಳು ನರ್ಸಬಾಯಿ ತೂಗಿದಾಗ
ಹದಿನಾರು ಕಿಲೋ.
ರೆಪ್ಪಿ ಜಗ್ಗಿ ನೋಡಿ, ರಕ್ತ ಇಲ್ಲ ಅಂದಿದ್ದರು.
ಹಣ್ಣು ಸುಲೀತಾ ಆಕಿ
ಮಗ್ಗಲ ತಬಸ್ಸುಮಳ ತಾಟು ನೋಡ್ತಾಳ,
ಹಳದಿ ಮುರಿಯೂದನ್ನ.

ನಾ ಏನ ಹೇಳಲಿ?
ನನ್ನ ನಾಲಿಗಿಗೂ ಅದರ ರುಚಿ ಗೊತ್ತಿಲ್ಲ.
ಬಸುರಿದ್ದಾಗ ಡಾಕ್ಟರು ತಿನ್ನು ಅಂದಿದ್ದರು.
ಬ್ಯಾಡ ಅಂದಾಕಿ ನಾನ,
ಯಾರೂ ಜುಲುಮಿ ಮಾಡಿರಲಿಲ್ಲ
ಅಂತ ಇವತ್ತಿಗೂ ಅಂದುಕೊಂಡೀನಿ.

ಅದ ಮಠದ ಸಾಲಿನ್ಯಾಗ ಕುಂತು
ಮೂರು ವರ್ಷ ಉಂಡಾಕಿ ನಾನು.
ಅಪ್ಪ ಸತ್ತ ವರ್ಷ, ಮಗ್ಗ ಮಾರಿದ ವರ್ಷ
ಯಾರ ಮಗಳು ಅಂತ ಕೇಳದ ನೀಡಿದರು.
ಆ ಅನ್ನ ಇನ್ನೂ ಮೈಯಾಗ ಅದ;
ಅದನ್ನ ಮರತು ಹ್ಯಾಂಗ ಮಾತಾಡಲಿ?

ದಾನೇಶ್ವರಿ ತಾಟಿಗೆ
ಬ್ಯಾಳಿ ಎರಡು ಸೌಟು ಹೆಚ್ಚಿಗಿ ಹಾಕಿದೆ.
ಆಕಿ ನನ್ನ ಮುಖ ನೋಡಿದಳು,
ನಾ ಸೌಟು ನೋಡಿದೆ.

ಗಂಟಿ ಬಾರಿಸ್ತು. ಪಾತೇಲಿ ತಿಕ್ಕಿ ಇಟ್ಟೆ.
ಒಂದು ತತ್ತಿ ಉಳದದ, ಸುಲಿದಿಲ್ಲ,
ಕರಡಗಿ ಮಗ್ಗಲ ಸೆರಗಿನ ಗಂಟಿನ್ಯಾಗ
ಇನ್ನೂ ಬೆಚ್ಚಗ ಅದ.